ಅಜ್ಜಿ ಬೆರಳು ತೋರಿಸಿದ ಜಾಗ

ಪ್ರೀತಿಯ ಪುಟ್ಟಿ,

ನಿನ್ನ ಅಪ್ಪ ಕರೆಯುವ ಹೆಸರಿನಲ್ಲೇ ನಾನೂ ಕರೆಯುತ್ತಿದ್ದೇನೆ. ಬೇಜಾರಿಲ್ಲ ತಾನೇ? ನೀನು ಕಳಿಸಿದ 11 ನಿಮಿಷದ ಚಿತ್ರವನ್ನು ಮೂರು ಸಲ ನೋಡಿದೆ. ಮೊದಲ ಸಲ ಸುಮ್ನೆ ನೋಡಿದೆ. ಎರಡನೇ ಸಲ ಸೌಂಡ್ ಆಫ್ ಮಾಡಿ ನೋಡಿದೆ. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಬರೀ ಕೇಳಿದೆ. ಸೌಂಡ್ ಇಲ್ಲದೆ ನೋಡಿದಾಗಲೇ ನನ್ನ ಗಂಟಲು ಕಟ್ಟಿತು. ಯಾಕೆ ಅಂತ ಹೇಳುವುದಕ್ಕೇ ಈ ಕಾಗದ.

ಏಳನೇ ನಿಮಿಷದಲ್ಲಿ ನಿನ್ನ ಅಜ್ಜಿ ಶರಾವತಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್‌ನಲ್ಲಿ ಕಂಬಿ ಹಿಡಿದು ನಿಂತಿದ್ದಾರೆ. ಹಿಂದೆ ಒಂದು ಬಸ್ಸು, ಎರಡು ಬೈಕು. 'ನಮ್ಮ ಮನೆ ಎಲ್ಲಿತ್ತು ಅಜ್ಜಿ?' ಅಂತ ನೀನು ಕೇಳುತ್ತೀಯ. ಅವರು ಬೆರಳೆತ್ತಿ ಹಿನ್ನೀರಿನ ಕಡೆ ತೋರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಬೆರಳು ಎಡಕ್ಕೆ ಸರಿಯುತ್ತದೆ. ಆಮೇಲೆ ಇನ್ನೂ ಸ್ವಲ್ಪ ಎಡಕ್ಕೆ. ಲಾಂಚ್ ಮುಂದೆ ಹೋಗುತ್ತಿದೆಯಲ್ಲ, ಅದಕ್ಕೆ ಕೈ ತಿರುಗುತ್ತಿದೆಯೋ, ಇಲ್ಲಾ ಅವರಿಗೇ ಜಾಗದ ಗುರುತು ತಪ್ಪಿದೆಯೋ, ಗೊತ್ತಾಗುವುದಿಲ್ಲ. ಕೊನೆಗೆ ಕೈ ಇಳಿಸಿ ಸೆರಗು ಸರಿಮಾಡಿಕೊಳ್ಳುತ್ತಾರೆ. ಎಲ್ಲಾ ಸೇರಿ ಇಪ್ಪತ್ತು ಸೆಕೆಂಡ್ ಇರಬಹುದು.

ಅರವತ್ತು ವರ್ಷದ ಹಿಂದೆ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋದ ಒಂದು ಮನೆಯ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳು ಅಂದರೆ ನನ್ನ ಕೈಲೂ ಆಗುವುದಿಲ್ಲ ಪುಟ್ಟಿ. ಆದರೆ ಸೌಂಡ್ ಹಾಕಿದ ಕೂಡಲೇ ಆ ಬೆರಳಿನ ಮೇಲೆ ನಿನ್ನ ದನಿ ಬಂದು ಕೂರುತ್ತದೆ. 'ನೆನಪು ಎಂದರೆ ನೀರು. ನನ್ನ ಬೇರುಗಳು ಆ ನೀರಿನಲ್ಲಿ ಕರಗಿವೆ. ಹಾಗಾದರೆ ನಾನು ಯಾರು?' ಅನ್ನುತ್ತೀಯ. ಜೊತೆಗೆ ಕೊಳಲು ಬೇರೆ. ನೋಡುವವರು ಅಜ್ಜಿಯನ್ನು ಬಿಟ್ಟು ನಿನ್ನ ವಾಕ್ಯದ ಹಿಂದೆ ಹೋಗಿಬಿಡುತ್ತಾರೆ.

ವಾಕ್ಯ ಕೆಟ್ಟದಾಗಿದೆ ಅಂತ ನಾನು ಹೇಳುತ್ತಿಲ್ಲ. ತುಂಬಾ ಬೇಗ ಬರೆದಿದ್ದೀಯ, ಅಷ್ಟೇ. ನೀನೇ ಹೇಳಿದ ಹಾಗೆ ಲಾಂಚ್‌ನ ಶಾಟ್ ತೆಗೆದದ್ದು 2023ರ ಬೇಸಿಗೆಯಲ್ಲಿ. ಮಾತು ರೆಕಾರ್ಡ್ ಮಾಡಿದ್ದು ಅದೇ ವಾರ. ಈಗ ಯೋಚಿಸು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಶುರುವಾಯಿತು. ಲಾಂಚ್‌ಗೆ ಕಾದು ನಿಲ್ಲುತ್ತಿದ್ದ ಬಸ್ಸು ಈಗ ನೀರಿನ ಮೇಲೆ ಎರಡು ಕಿಲೋಮೀಟರಿಗೂ ಜಾಸ್ತಿ ದೂರ ನೇರ ಹೋಗುತ್ತದೆ. ನೀನು ಅವತ್ತು ಲಾಂಚ್ ತೆಗೆಯಬೇಕು ಅಂತ ತೆಗೆಯಲಿಲ್ಲ. ಅಜ್ಜಿಯನ್ನು ತೆಗೆಯುವಾಗ ಅದು ಸುತ್ತಲೂ ಇತ್ತು, ಸಿಕ್ಕಿಕೊಂಡಿತು. ಇವತ್ತು ಅದೇ ಶಾಟ್ ನೋಡುವಾಗ ಮುಳುಗಿದ ಮನೆಯ ಜೊತೆಗೆ ಈ ಲಾಂಚ್ ಕೂಡ ಕಳೆದುಹೋದ ವಸ್ತುವಿನ ಹಾಗೆ ಕಾಣುತ್ತದೆ. 2023ರ ನಿನ್ನ ದನಿಗೆ ಇದು ಗೊತ್ತಿಲ್ಲ. ಗೊತ್ತಿರಲು ಸಾಧ್ಯವೂ ಇರಲಿಲ್ಲ.

ತನ್ನ ಬದುಕನ್ನು ತಾನೇ ತೆಗೆಯುವ ಇಂಥ ಡೈರಿ ಚಿತ್ರದಲ್ಲಿ ಇಬ್ಬರು 'ನಾನು' ಇರುತ್ತಾರೆ. ಕ್ಯಾಮೆರಾ ಹಿಡಿದವಳು ಒಬ್ಬಳು. ಎಷ್ಟೋ ದಿನದ ಮೇಲೆ ಕೂತು ಅದನ್ನು ನೋಡುವವಳು ಇನ್ನೊಬ್ಬಳು. ಆ ಇಬ್ಬರ ನಡುವೆ ಕಾಲ ಹರಿದಿರಬೇಕು. ನೀನು ಇಬ್ಬರನ್ನೂ ಒಂದೇ ವಾರದಲ್ಲಿ ಕೂರಿಸಿದ್ದೀಯ. ಹಾಗಾಗಿ ಮಾತನಾಡುವವಳಿಗೆ ಹೊಸದಾಗಿ ಹೇಳುವುದಕ್ಕೆ ಏನೂ ಇಲ್ಲ.

ಇದನ್ನು ನಾನು ಕಲಿತದ್ದು ಯೋನಾಸ್ ಮೆಕಾಸ್ ಅವರ ಚಿತ್ರಗಳಿಂದ. 1922ರಲ್ಲಿ ಲಿಥುವೇನಿಯಾದ ಸೆಮೆನಿಶ್ಕಿಯೈ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಯುದ್ಧದ ನಡುವೆ 1944ರಲ್ಲಿ ತಮ್ಮನ ಜೊತೆ ಊರು ಬಿಟ್ಟರು. ಜರ್ಮನಿಯಲ್ಲಿ ಸಿಕ್ಕಿಬಿದ್ದು ಕೂಲಿ ಶಿಬಿರ ಸೇರಿದರು. ಯುದ್ಧ ಮುಗಿದ ಮೇಲೆ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು. 1949ರಲ್ಲಿ ನ್ಯೂಯಾರ್ಕ್‌ಗೆ ಬಂದಿಳಿದ ಕೆಲವೇ ವಾರಗಳಲ್ಲಿ ಸಾಲ ಮಾಡಿ ಒಂದು ಬೋಲೆಕ್ಸ್ ಕ್ಯಾಮೆರಾ ಕೊಂಡರು. ಮನೆಯಿಲ್ಲದವನು ಸಾಲ ಮಾಡಿ ಕ್ಯಾಮೆರಾ ಕೊಳ್ಳುವುದು! ಆ ಹೊತ್ತಿನಲ್ಲಿ ಅವರಿಗೆ ಅದು ಎಷ್ಟು ಬೇಕಿತ್ತು ಅಂತ ನನಗೆ ಇವತ್ತಿಗೂ ಯೋಚನೆ ಬರುತ್ತದೆ.

ಆ ಕ್ಯಾಮೆರಾದ ಬಗ್ಗೆ ಸ್ವಲ್ಪ ಹೇಳಬೇಕು. ಹಳೇ ಗಡಿಯಾರಕ್ಕೆ ಕೊಟ್ಟ ಹಾಗೆ ಅದಕ್ಕೆ ಕೈಯಲ್ಲಿ ಕೀ ಕೊಡಬೇಕು. ಪೂರ್ತಿ ಕೀ ಕೊಟ್ಟರೂ ಅರ್ಧ ನಿಮಿಷ ಓಡುವುದಿಲ್ಲ. 100 ಅಡಿಯ ರೀಲು ಮೂರು ನಿಮಿಷದೊಳಗೆ ಮುಗಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ದನಿ ಹಿಡಿಯುವುದಿಲ್ಲ. ಚಿತ್ರ ಬೇರೆ, ದನಿ ಬೇರೆ. ಅವೆರಡನ್ನೂ ಆಮೇಲೆ ಎಂದೋ ಒಂದು ದಿನ ಕೂತು ಸೇರಿಸಬೇಕು. ಮೆಕಾಸ್ 1949ರಿಂದ ತೆಗೆಯುತ್ತಾ ಬಂದ ರೀಲುಗಳನ್ನು ಜೋಡಿಸಿ 'ಲಾಸ್ಟ್, ಲಾಸ್ಟ್, ಲಾಸ್ಟ್' ಚಿತ್ರ ಮುಗಿಸಿದ್ದು 1976ರಲ್ಲಿ. ಬ್ರೂಕ್ಲಿನ್‌ನಲ್ಲಿ ತನ್ನ ದೇಶದವರ ಜೊತೆ ಓಡಾಡುವ ಬಡಕಲು ಹುಡುಗ ಪರದೆಯ ಮೇಲೆ ಇದ್ದಾನೆ. ಐವತ್ತು ದಾಟಿದ ಅದೇ ಮನುಷ್ಯ ಅವನನ್ನು ನೋಡುತ್ತಾ ಮಾತನಾಡುತ್ತಾರೆ. ಆ ಹುಡುಗನಿಗೆ ತಾನು ಊರಿಗೆ ಯಾವಾಗ ವಾಪಸ್ ಹೋಗುತ್ತೇನೆ ಅಂತ ಗೊತ್ತಿಲ್ಲ. ಮಾತನಾಡುವವರಿಗೆ ಗೊತ್ತಿದೆ, 27 ವರ್ಷ ಬೇಕಾಯಿತು ಅಂತ. 1971ರಲ್ಲಿ ಅವರು ಹಳ್ಳಿಗೆ ಹೋದಾಗ ತೆಗೆದ ಚಿತ್ರ ಬೇರೆಯೇ ಇದೆ. ಅದರಲ್ಲಿ ಅವರ ಅಮ್ಮ ಮನೆಯ ಹೊರಗೆ ಬೆಂಕಿ ಹೂಡಿ ಅಡುಗೆ ಮಾಡುವುದನ್ನು ನೋಡು. ನಿನ್ನ ಅಜ್ಜಿ ನೆನಪಾಗದಿದ್ದರೆ ಕೇಳು.

ನಿನ್ನ ಮೊಬೈಲು ಚಿತ್ರ, ದನಿ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಸಂಜೆಯೇ ಬಸ್ಸಿನಲ್ಲಿ ಕೂತು ಎಡಿಟ್ ಮಾಡಬಹುದು. ಅನುಕೂಲವೇ. ಆದರೆ ಬೋಲೆಕ್ಸ್ ತಾನಾಗಿಯೇ ಮಾಡಿಸುತ್ತಿದ್ದ ಕಾಯುವಿಕೆಯನ್ನು ಈಗ ನೀನೇ ಬೇಕೆಂದು ಮಾಡಬೇಕು. ತೆಗೆದದ್ದನ್ನು ಎತ್ತಿಡು. ಕಡಿಮೆ ಅಂದರೂ ಒಂದು ಮಳೆಗಾಲ ಕಳೆಯಲಿ. ಆಮೇಲೆ ನೋಡು. ದಿನಾ ತೆಗೆಯಬಾರದು ಅಂತಲ್ಲ ಮತ್ತೆ. ಮೆಕಾಸ್ ತಮ್ಮ 84ನೇ ವಯಸ್ಸಿನಲ್ಲಿ, 2007ರ ಇಡೀ ವರ್ಷ, ದಿನಕ್ಕೊಂದು ಪುಟ್ಟ ಚಿತ್ರ ಹೊರಗೆ ಬಿಟ್ಟರು. ಅದೂ ಡೈರಿಯೇ. ಆದರೆ ನೀನು ಮಾಡಹೊರಟಿರುವುದು ಇವತ್ತಿನ ದಿನದ ಬಗ್ಗೆ ಅಲ್ಲ, 1964ರ ಮುಳುಗಡೆಯ ಬಗ್ಗೆ. ಅದಕ್ಕೆ ಅವಸರ ಒಗ್ಗುವುದಿಲ್ಲ.

ಇನ್ನೊಂದು ಚಿತ್ರ ಹೇಳುತ್ತೇನೆ, 'ನ್ಯೂಸ್ ಫ್ರಮ್ ಹೋಮ್' ಅಂತ, ಇದನ್ನು ಖಂಡಿತ ನೋಡಲೇಬೇಕು. ಬೆಲ್ಜಿಯಂನ ಶಾಂಟಾಲ್ ಆಕರ್ಮನ್ ಇಪ್ಪತ್ತರ ಹುಡುಗಿಯಾಗಿದ್ದಾಗ, 1971ರಲ್ಲಿ, ನ್ಯೂಯಾರ್ಕ್‌ಗೆ ಹೋಗಿದ್ದರು. ಬ್ರಸೆಲ್ಸ್‌ನಿಂದ ಅಮ್ಮ ಕಾಗದ ಬರೆಯುತ್ತಿದ್ದರು. ಯಾಕೆ ಕಾಗದ ಹಾಕಲಿಲ್ಲ, ಆರೋಗ್ಯ ಹೇಗಿದೆ, ಇಂಥವರ ಮನೆಯಲ್ಲಿ ಹೀಗಾಯಿತು. ನಮ್ಮ ಅಮ್ಮಂದಿರ ಫೋನಿನ ಹಾಗೇ ಅಲ್ವಾ? ಆಕರ್ಮನ್ 1976ರಲ್ಲಿ ಮತ್ತೆ ಆ ಊರಿಗೆ ಹೋಗಿ ಬೀದಿ, ಸಬ್‌ವೇಗಳನ್ನು ಚಿತ್ರಿಸಿದರು. ಮೇಲೆ ಅಮ್ಮನ ಕಾಗದಗಳನ್ನು ತಾವೇ ಓದಿದರು. ಭಾವ ತುಂಬದೆ, ಒಂದೇ ಏರಿಳಿತದಲ್ಲಿ, ಗಡಿಬಿಡಿಯಲ್ಲಿ ಓದುತ್ತಾರೆ. ಕೆಲವು ಕಡೆ ಗಾಡಿಗಳ ಸದ್ದಿಗೆ ಅಮ್ಮನ ಮಾತು ಅರ್ಧ ಕೇಳಿಸುವುದೇ ಇಲ್ಲ. ಅದನ್ನು ಹಾಗೇ ಬಿಟ್ಟಿದ್ದಾರೆ. ದೂರ ಅಂದರೇನು ಅಂತ ನನಗೆ ಅಲ್ಲಿ ತಿಳಿಯಿತು. ಆ ತಾಯಿ ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರದಿಂದ ಬದುಕಿ ಬಂದವರು. ಕಾಗದಗಳ ತುಂಬಾ ಇರುವುದು ಮಾತ್ರ ಮನೆಯ ಸಣ್ಣಪುಟ್ಟ ಸುದ್ದಿ. ಕೊನೆಯ ಶಾಟ್ ದೋಣಿಯ ಮೇಲಿಂದ ತೆಗೆದದ್ದು. ಊರು ನಿಧಾನಕ್ಕೆ ಹಿಂದೆ ಸರಿಯುತ್ತಾ ಮಂಜಿನಲ್ಲಿ ಮಸುಕಾಗುತ್ತದೆ. ಹತ್ತು ನಿಮಿಷದ ಹತ್ತಿರ ಅದೊಂದೇ ಶಾಟ್. ನೀನು ಲಾಂಚ್‌ನ ಶಾಟನ್ನು ಇಪ್ಪತ್ತು ಸೆಕೆಂಡಿಗೇ ಕತ್ತರಿಸಿ ಡ್ರೋನ್ ಶಾಟ್‌ಗೆ ಹೋಗಿದ್ದೀಯ. ಅದರ ಬಾಕಿ ಫುಟೇಜ್ ಇದ್ದರೆ ದಯವಿಟ್ಟು ಉಳಿಸಿಕೋ.

ಮಾತು ಬೇಡವೇ ಬೇಡ ಅಂತ ತಿಳಿಯಬೇಡ. ನಾನು ಜೀವನಪೂರ್ತಿ ಮಾತು ಬರೆದವನು, ಹಾಗೆ ಹೇಗೆ ಹೇಳಲಿ? ಆದರೆ ನಿನ್ನ ಒಳ್ಳೆಯ ಮಾತು ಚಿತ್ರದಲ್ಲಿಲ್ಲ, ನನಗೆ ಬರೆದ ಮೇಲ್‌ನಲ್ಲಿದೆ. 'ಅಜ್ಜಿ ಯಾವುದನ್ನೂ ಇಸವಿಯಲ್ಲಿ ಹೇಳಲ್ಲ. ಮುಳುಗಡೆಗೆ ಮುಂಚೆ, ಮುಳುಗಡೆ ಆದ್ಮೇಲೆ, ಅಷ್ಟೇ' ಅಂತ ಬರೆದಿದ್ದೀಯ. ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ ಪುಸ್ತಕದಲ್ಲಿ ಸಿಗುತ್ತದೆ. ಒಂದು ಜೀವ ತನ್ನ ಕಾಲವನ್ನೇ ಎರಡು ಭಾಗ ಮಾಡಿಕೊಂಡದ್ದು ನಿನ್ನ ಅಜ್ಜಿಯ ಬಾಯಲ್ಲಿ ಮಾತ್ರ ಸಿಗುತ್ತದೆ. ಈ ಸಾಲು ಚಿತ್ರದಲ್ಲಿ ಯಾಕಿಲ್ಲ? ಸಾದಾ ಅನ್ನಿಸಿತಾ? ಬೇರು, ನೀರು, ಅಸ್ಮಿತೆ ಅಂತ ಬರೆಯುವಾಗ ನೀನು ಬೇರೆಯವರ ಮಾತು ಎರವಲು ತಂದಿದ್ದೀಯ. ಇದು ನಿಮ್ಮ ಮನೆಯದೇ ಮಾತು.

'ನಾನು ಯಾರು' ಅನ್ನುವ ಪ್ರಶ್ನೆಗೂ ಅದೇ ಹೇಳುತ್ತೇನೆ. ಮೂರನೇ ನಿಮಿಷದಲ್ಲಿ ನೀನು 'ನದಿ' ಅಂದಾಗ ಅಜ್ಜಿ ನಿನ್ನ ಕಡೆ ತಿರುಗದೆಯೇ 'ಹೊಳೆ' ಅಂತ ತಿದ್ದುತ್ತಾರೆ. ಕೊಳಲಿನ ಅಡಿಯಲ್ಲಿ ಅದು ಕೇಳಿಸುವುದೇ ಕಷ್ಟ. ನಾನು ಮೂರನೇ ಸಲ ಕಣ್ಣು ಮುಚ್ಚಿದಾಗ ಕೇಳಿಸಿತು. ಬೆಂಗಳೂರಿನಲ್ಲಿ ಬೆಳೆದ ಹುಡುಗಿ 'ನದಿ' ಅನ್ನುತ್ತಾಳೆ, ಹೊಳೆಯಿಂದಲೇ ಎದ್ದುಬಂದ ಅಜ್ಜಿ 'ಹೊಳೆ' ಅನ್ನುತ್ತಾರೆ. ನೀನು ಕೇಳಿದ ದೊಡ್ಡ ಪ್ರಶ್ನೆ ಆ ಒಂದು ಶಬ್ದದಲ್ಲಿ ಇದೆ. ಕೊಳಲು ತೆಗೆದುಬಿಡು. ಲಾಂಚ್‌ನ ಎಂಜಿನ್ ಸದ್ದು, ಅಜ್ಜಿಯ ಕೆಮ್ಮು, ಕಂಡಕ್ಟರ್ ಕೂಗುವುದು, ಇವೆಲ್ಲಾ ಮೇಲೆ ಬರಲಿ.

ಈಗ ನನ್ನದೊಂದು ತಪ್ಪು ಹೇಳುತ್ತೇನೆ. ಎಷ್ಟೋ ವರ್ಷದ ಹಿಂದೆ ಅಮ್ಮನನ್ನು ಕ್ಯಾಮೆರಾ ಮುಂದೆ ಕೂರಿಸಿ, ನಮ್ಮ ಹಳೇ ಮನೆ ಬಿಟ್ಟ ದಿನದ ಬಗ್ಗೆ ಕೇಳಿದೆ. ಉಪ್ಪಿನಕಾಯಿ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ಕೂತದ್ದು, ದಾರಿಯಲ್ಲಿ ಅದು ತುಳುಕಿ ಸೀರೆಗೆಲ್ಲಾ ಎಣ್ಣೆಯಾದದ್ದು, ಅದಕ್ಕೆ ಅತ್ತೆ ಬೈದದ್ದು, ಅಮ್ಮ ಅದನ್ನೇ ಹೇಳಿದರು. ನನಗೆ ಬೇಕಿದ್ದದ್ದು ಮನೆ ಬಿಟ್ಟ ದುಃಖ. ಸ್ಕ್ರಿಪ್ಟ್‌ನಲ್ಲಿ ಅದನ್ನೇ ಬರೆದುಕೊಂಡಿದ್ದೆ. 'ಲೈಟ್ ಸರಿ ಇರಲಿಲ್ಲ, ಇನ್ನೊಂದು ಸಲ ಹೇಳಮ್ಮ' ಅಂದೆ. ಎರಡನೇ ಸಲ ಅಮ್ಮ ನನ್ನ ಮುಖ ನೋಡಿ, ನನಗೆ ಏನು ಬೇಕು ಅಂತ ತಿಳಿದುಕೊಂಡು, 'ತುಂಬಾ ಕಷ್ಟ ಆಯ್ತು ಮಗಾ' ಅಂದರು. ನಾನು ಅದನ್ನೇ ಬಳಸಿದೆ. ಮೊದಲನೆಯದು ಇದ್ದ ಟೇಪನ್ನು ಕಪಾಟಿನಲ್ಲಿಟ್ಟು ಮರೆತೆ. ಮಳೆಗಾಲದಲ್ಲಿ ಬೂಷ್ಟು ಹಿಡಿದು ಅದು ಹೋಯಿತು. ಅಮ್ಮನೂ ಈಗಿಲ್ಲ. ಭರಣಿಯ ಕತೆ ಹೇಳುವಾಗ ಅವರು ಮಧ್ಯೆ ಒಂದು ಕಡೆ ನಕ್ಕಿದ್ದರು. ಆ ನಗು ಈಗ ಎಲ್ಲೂ ಇಲ್ಲ.

ಆದ್ದರಿಂದ ಅಜ್ಜಿಯ ಹತ್ತಿರ ಇನ್ನೊಂದು ಸಲ ಹೇಳಿಸಬೇಡ. ಫೋಕಸ್ ತಪ್ಪಿದ್ದರೂ ಮೊದಲನೆಯದನ್ನೇ ಇಟ್ಟುಕೋ. ಎಲ್ಲವನ್ನೂ ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡು. ಒಂದು ಪುಸ್ತಕದಲ್ಲಿ ದಿನ, ಊರು, ಯಾರಿದ್ದರು ಅಂತ ಕೈಯಲ್ಲೇ ಬರೆದಿಡು.

ಒಂಬತ್ತನೇ ನಿಮಿಷದಲ್ಲಿ ಅಜ್ಜಿ ದೇವರ ಮುಂದೆ ಕೂತು ಅಳುವ ಶಾಟ್ ಇದೆ. ಬಾಗಿಲ ಸಂದಿಯಿಂದ ತೆಗೆದಿದ್ದೀಯ. ಅವರಿಗೆ ಗೊತ್ತಾ? ಗೊತ್ತಿಲ್ಲದಿದ್ದರೆ ತೋರಿಸಿ ಕೇಳು. ಬೇಡ ಅಂದರೆ ಮರುಮಾತಿಲ್ಲದೆ ತೆಗೆ. ಚಿತ್ರ ನಿನ್ನದಾದರೂ ಆ ಅಳು ಅವರದು.

ಮುಂದಿನ ರಜೆಗೆ ಊರಿಗೆ ಹೋದಾಗ ಹೀಗೆ ಮಾಡು. ನಿನ್ನ ಮಾತು, ಕೊಳಲು ಎರಡನ್ನೂ ತೆಗೆದು ಒಂದು ಕಾಪಿ ಮಾಡಿಕೋ. ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂತು ಅವರಿಗೆ ತೋರಿಸು. ಲಾಂಚ್‌ನ ಮೇಲೆ ತಮ್ಮದೇ ಬೆರಳು ಸರಿಯುವುದನ್ನು ನೋಡುತ್ತಾ ಅವರು ಏನಾದರೂ ಹೇಳಬಹುದು, ಹೇಳದೆಯೂ ಇರಬಹುದು. ಮೊಬೈಲನ್ನು ಪಕ್ಕದಲ್ಲಿಟ್ಟು ದನಿ ಮಾತ್ರ ರೆಕಾರ್ಡ್ ಮಾಡಿಕೋ, ಅವರನ್ನು ಕೇಳಿಯೇ. ನೀನು ಏನೂ ಕೇಳಬೇಡ. ಈ ಬೇಸಿಗೆಯಲ್ಲಿ ನೀರು ತುಂಬಾ ಇಳಿದು, ಹಿನ್ನೀರಿನಲ್ಲಿ ಮುಳುಗಿರುವ ಮಡೆನೂರಿನ ಹಳೇ ಡ್ಯಾಮ್ ಹೊರಗೆ ಕಂಡರೆ, ಅವರಿಗೆ ನಡೆಯಲು ಆಗುವುದಾದರೆ, ಅಲ್ಲಿಗೂ ಒಮ್ಮೆ ಕರೆದುಕೊಂಡು ಹೋಗು.

ಅಜ್ಜಿ ಏನಂದರು ಅಂತ ನನಗೆ ಬರೆ. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಅಪ್ಪನ ಗೆಳೆಯ