ಹುಳಕ್ಕೆ ಮಾತ್ರೆ ಇದೆ, ನೀನು ನಿದ್ದೆ ಮಾಡು

ಪ್ರೀತಿಯ ಮಗಳೇ,

ನಿನ್ನ ಪತ್ರ ಎರಡು ಸಲ ಓದಿದೆ. ಪುಟ್ಟಿಗೆ ದಾರದ ಹುಳ ಆಗಿದೆ, ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ, ಅವಳು ಆರಾಮಾಗಿ ಆಡಿಕೊಂಡಿದ್ದಾಳೆ. ನಿದ್ದೆಗೆಟ್ಟಿರುವುದು ನೀನು. ರಾತ್ರಿ ಟಾರ್ಚ್ ಹಿಡಿದು ಮತ್ತೆ ಮತ್ತೆ ನೋಡುತ್ತಿದ್ದೀಯ, ದಿನಾ ಹಾಸಿಗೆ ಹೊದಿಕೆ ಎಲ್ಲ ಒಗೆಯುತ್ತಿದ್ದೀಯ, ತೊಳೆದೂ ತೊಳೆದೂ ಕೈ ಬಿರಿದಿದೆ. ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಲೂ ಭಯ ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿ ನನಗೆ ಸಂಕಟವಾಯಿತು.

ಮೊದಲು ಒಂದು ಮಾತು. ನೀನು ಮನೆ ಚೊಕ್ಕಟವಾಗಿ ಇಟ್ಟಿಲ್ಲ ಅಂತ ಇದು ಬಂದದ್ದಲ್ಲ. ಲೋಕದ ಎಲ್ಲ ಕಡೆ, ಎಂಥ ಮನೆಯ ಮಕ್ಕಳಿಗೂ ಇದು ಆಗುತ್ತದೆ. ಒಟ್ಟಿಗೆ ಆಡುತ್ತಾರೆ, ಬೆರಳು ಬಾಯಿಗೆ ಹೋಗುತ್ತದೆ, ಅಷ್ಟೇ ಸಾಕು. ಸಿಹಿ ತಿಂದದ್ದಕ್ಕೆ ಹುಳ ಹುಟ್ಟುವುದಿಲ್ಲ. ನಾಯಿ ಬೆಕ್ಕಿನಿಂದ ಬರುವ ಹುಳವೂ ಇದಲ್ಲ, ಇದು ಮನುಷ್ಯರಿಂದ ಮನುಷ್ಯರಿಗೇ ಹರಡುವುದು. ಹಾಗಾಗಿ ಯಾರ ತಪ್ಪು ಅಂತ ಹುಡುಕುವ ಕೆಲಸ ಇವತ್ತಿಗೇ ಬಿಡು.

ಈ ಹುಳ ಹೇಗೆ ಬದುಕುತ್ತದೆ ಅಂತ ಗೊತ್ತಾದರೆ ನಿನ್ನ ಅರ್ಧ ಹೆದರಿಕೆ ಇಳಿಯುತ್ತದೆ. ಹೆಣ್ಣು ಹುಳ ಸುಮಾರು 1 ಸೆಂಟಿಮೀಟರ್ ಉದ್ದ, ಬಿಳಿ ದಾರದ ಚೂರಿನ ಹಾಗೆ ಕಾಣುತ್ತದೆ. ಮಗು ಮಲಗಿದ ಮೇಲೆ ಕರುಳಿನಿಂದ ಕೆಳಗಿಳಿದು ಬಂದು ಗುದದ ಸುತ್ತ ಸಾವಿರಾರು ಮೊಟ್ಟೆ ಇಡುತ್ತದೆ. ರಾತ್ರಿಯ ತುರಿಕೆ ಅದರದ್ದೇ. ಮಗು ನಿದ್ದೆಗಣ್ಣಲ್ಲಿ ಕೆರೆದುಕೊಳ್ಳುತ್ತದೆ, ಮೊಟ್ಟೆ ಉಗುರಿನ ಸಂದಿಗೆ ಸೇರುತ್ತದೆ, ಬೆಳಗ್ಗೆ ಅದೇ ಬೆರಳು ಬಾಯಿಗೆ. ಹಾಗೆ ಒಳಗೆ ಹೋದ ಮೊಟ್ಟೆ ಬೆಳೆದು ಹುಳವಾಗಿ ತಾನೂ ಮೊಟ್ಟೆ ಇಡಲು ಸುಮಾರು 1 ತಿಂಗಳು ಬೇಕು. ಹೊಟ್ಟೆಯೊಳಗೇ ಮರಿ ಹಾಕಿ ಹೆಚ್ಚುತ್ತಾ ಹೋಗುತ್ತದೆ ಅಂತ ನೀನು ಹೆದರಿದ್ದೀಯ, ಹಾಗಲ್ಲ. ಹೊಸ ಹುಳ ಆಗಬೇಕಾದರೆ ಸಾಮಾನ್ಯವಾಗಿ ಮತ್ತೆ ಬಾಯಿಂದಲೇ ಮೊಟ್ಟೆ ಹೋಗಬೇಕು. ಬಟ್ಟೆ, ಆಟಿಕೆ ಮೇಲೆ ಬಿದ್ದ ಮೊಟ್ಟೆಗಳೂ 2ರಿಂದ 3 ವಾರದಲ್ಲಿ ಸಾಯುತ್ತವೆ.

ಎರಡನೇ ಡೋಸ್ ಯಾಕೆ ಅಂತ ಕೇಳಿದ್ದೀಯ. ಆಲ್ಬೆಂಡಜೋಲ್‌ನಂಥ ಮಾತ್ರೆ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಅಷ್ಟು ನಂಬಿಕೆಯಿಂದ ಕೊಲ್ಲುವುದಿಲ್ಲ. ಉಳಿದ ಮೊಟ್ಟೆಯಿಂದ ಬಂದ ಹುಳಕ್ಕೆ 2 ವಾರ ಬಿಟ್ಟು ಇನ್ನೊಂದು ಡೋಸ್. ತುರಿಕೆ ಇರಲಿ ಬಿಡಲಿ, ಮನೆಯವರೆಲ್ಲ ಒಂದೇ ದಿನ ತೆಗೆದುಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಬಸುರಿಯೋ 2 ವರ್ಷದೊಳಗಿನ ಕೂಸೋ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಕೊಡಬಾರದು. ಮಾತ್ರೆ ಆದ ಮೇಲೂ ಒಂದೆರಡು ಹುಳ ಕಂಡರೆ, ಕೆಲವು ದಿನ ತುರಿಕೆ ಉಳಿದರೆ, ಔಷಧಿ ಹಿಡಿದಿಲ್ಲ ಅಂದುಕೊಳ್ಳಬೇಡ.

ಶುಚಿಯ ಕೆಲಸದಲ್ಲಿ ಬೆಳಗಿನದ್ದೇ ಮುಖ್ಯ. ಪುಟ್ಟಿ ಎದ್ದ ಕೂಡಲೇ ನೀರು ಹೊಯ್ದು ಹಿಂಭಾಗ ತೊಳೆದು ಸ್ನಾನ ಮಾಡಿಸು, ರಾತ್ರಿ ಇಟ್ಟ ಮೊಟ್ಟೆ ನೀರಲ್ಲಿ ಹೋಗುತ್ತದೆ. ಚಡ್ಡಿ ಬದಲಿಸು. ಉಗುರು ಗಿಡ್ಡವಾಗಿರಲಿ. ಹೆಬ್ಬೆರಳಿನ ಎರಡು ಮೂಲೆಯಲ್ಲಿ ಚೂರು ಉಳಿದುಬಿಡುತ್ತದೆ, ಕೊಳೆ ಕೂರುವುದು ಅಲ್ಲೇ, ಅದನ್ನು ನಿಧಾನಕ್ಕೆ ಕತ್ತರಿಸು. ಊಟಕ್ಕೆ ಮುಂಚೆ, ಕಕ್ಕಸಿಗೆ ಹೋಗಿ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಲಿ. ಸ್ಯಾನಿಟೈಸರ್ ಇದಕ್ಕೆ ಸಾಲದು. ಮಾತ್ರೆ ಕೊಟ್ಟ ದಿನ ಹಾಸಿಗೆ ಬಟ್ಟೆಯನ್ನು ಕೊಡವದೆ ಸುತ್ತಿ ಒಯ್ದು ಬಿಸಿನೀರಲ್ಲಿ ಒಗೆ. ಇಷ್ಟು ಸಾಕು.

ಇದರ ಮೇಲೆ ನೀನು ಮಾಡುತ್ತಿರುವುದೆಲ್ಲ ಹುಳಕ್ಕಲ್ಲ ಮಗಳೇ, ನಿನ್ನ ಹೆದರಿಕೆಗೆ. ಮೊಟ್ಟೆ ಕಣ್ಣಿಗೆ ಕಾಣುವುದೇ ಇಲ್ಲ, ಟಾರ್ಚ್ ಹಾಕಿ ಏನು ನೋಡುತ್ತೀಯ? ಪರೀಕ್ಷೆ ಬೇಕು ಅಂತ ಡಾಕ್ಟರ್ ಹೇಳಿದರೆ ಬೆಳಗ್ಗೆ ತೊಳೆಯುವ ಮೊದಲು ಗುದದ ಸುತ್ತ ಅಂಟು ಟೇಪ್ ಒತ್ತಿ ತೆಗೆದು, ಅದಕ್ಕೆ ಅಂಟಿದ ಮೊಟ್ಟೆ ನೋಡಲು ಕೊಡುತ್ತಾರೆ, ಅದಕ್ಕೂ ನಡುರಾತ್ರಿ ಏಳಬೇಕಿಲ್ಲ. ಒಂದು ಸಲ ನೋಡಿದರೆ ಸ್ವಲ್ಪ ಹೊತ್ತು ಸಮಾಧಾನ, ಆಮೇಲೆ ಇನ್ನೊಂದು ಸಲ ನೋಡಬೇಕು ಅನಿಸುತ್ತದೆ ಅಲ್ವಾ? ಚಿಂತೆಯೂ ತುರಿಕೆಯ ಹಾಗೇ, ಕೆರೆದಷ್ಟೂ ಜಾಸ್ತಿ. ನಿನಗೂ ಮೈಯೆಲ್ಲ ಹರಿದಾಡಿದ ಹಾಗಾಗುತ್ತದೆ ಅಂದೆಯಲ್ಲ, ಹುಳದ ಬಗ್ಗೆ ಓದುತ್ತಾ ಕೂತರೆ ಯಾರಿಗಾದರೂ ಹಾಗೇ ಆಗುತ್ತದೆ. ಮಲಗುವಾಗ ಫೋನ್ ಬೇರೆ ಕೋಣೆಯಲ್ಲಿಡು. ನೋಡಲೇಬೇಕು ಅನಿಸಿದಾಗ ತಕ್ಷಣ ಏಳಬೇಡ, ಸ್ವಲ್ಪ ತಡೆದುಕೋ. ಮೊದಲು ಕಷ್ಟ, ಆದರೆ ಆ ತಳಮಳ ತಾನಾಗಿ ಇಳಿಯುತ್ತದೆ. ಬೆಳಗಿನ ಸ್ನಾನದ ಕೆಲಸ ಕೆಲವು ದಿನ ಅಳಿಯನಿಗೆ ಬಿಡು. ಅವನು ನಿನ್ನಷ್ಟು ಉಜ್ಜದಿದ್ದರೂ ಪರವಾಗಿಲ್ಲ.

ಪುಟ್ಟಿಯ ಮುಂದೆ ಮಾತ್ರ ಮುಖ ಸಿಂಡರಿಸಬೇಡ. ಅಮ್ಮ ದೂರ ಸರಿದದ್ದು ಮಗುವಿಗೆ ತಕ್ಷಣ ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ. ತನ್ನಲ್ಲೇ ಏನೋ ಕೊಳಕು ಇದೆ ಅಂದುಕೊಳ್ಳುತ್ತದೆ. "ಹೊಟ್ಟೇಲಿ ಹುಳ ಆಗಿತ್ತು, ಮಾತ್ರೆ ತಗೊಂಡ್ವಿ, ಹೋಗುತ್ತೆ" ಅಂತ ಸುಮ್ನೆ ನೆಗಡಿಯ ಸುದ್ದಿ ಹೇಳಿದ ಹಾಗೆ ಹೇಳು. ತೊಡೆ ಮೇಲೆ ಕೂರಿಸಿಕೊಂಡು ತಲೆ ಬಾಚು. ಹುಳ ಹಾರಿ ಮೈಗೆ ಬರುವುದಿಲ್ಲ. ಶಾಲೆ ಬಿಡಿಸುವುದೂ ಬೇಡ.

ಮುಂದೆಂದೋ ಮತ್ತೆ ಬಂದರೂ ಬರಬಹುದು, ಮಕ್ಕಳಿರುವ ಮನೆ. ಬಂದರೆ ಇದನ್ನೇ ಮತ್ತೆ ಮಾಡಿದರಾಯಿತು. ಕೆರೆದು ಗಾಯವಾಗಿ ಕೀವಾದರೆ, ಉಚ್ಚೆ ಹೊಯ್ಯುವಾಗ ಉರಿ ಅಂದರೆ, ಎರಡು ಡೋಸ್ ಆದ ಮೇಲೂ ತುರಿಕೆ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸು. ಅವಳು ಹುಷಾರಾದ ಮೇಲೂ ನಿನಗೆ ನಿದ್ದೆ ಬರದೆ, ಊಟ ಸೇರದೆ, ತೊಳೆಯುವುದು ನಿಲ್ಲದೆ ಹೋದರೆ ನಿನ್ನ ವಿಷಯವನ್ನೂ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳು. ಅದಕ್ಕೂ ಚಿಕಿತ್ಸೆ ಇದೆ, ನಾಚಿಕೆ ಪಡಬೇಡ.

ಎರಡನೇ ಡೋಸಿನ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೋ. ಬಿರಿದ ಕೈಗೆ ರಾತ್ರಿ ಎಣ್ಣೆ ಹಚ್ಚಿಕೋ. ನಡುರಾತ್ರಿ ಎಚ್ಚರವಾಗಿ ತಡೆಯಲಾಗದಿದ್ದರೆ ಟಾರ್ಚ್ ಹುಡುಕುವ ಬದಲು ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎತ್ತುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ