ಬೋರ್ ಲಾರಿಗೆ ದುಡ್ಡಿಲ್ಲ, ಜೆಸಿಬಿಗೆ ಇದೆ

ನಿಜ್ವಾ, ಒಮಾನ್

ತೀರ್ಥರೂಪರಾದ ಅಪ್ಪಾಜಿಯವರಿಗೆ, ಅವ್ವನಿಗೆ ನಮಸ್ಕಾರ.

ನಾನು ಇಲ್ಲಿ ಕ್ಷೇಮ. ಫೋನಲ್ಲಿ ಹೇಳಿದರೆ ನೀವು "ಆಯ್ತು, ನೋಡೋಣ" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ತಮ್ಮ ಓದಿ ಹೇಳುವಾಗ ಮಧ್ಯದಲ್ಲಿ ಎದ್ದು ಹೋಗಬೇಡಿ.

ಇನ್ನೊಂದು ಬೋರ್ ಕೊರೆಸುತ್ತೀರಂತೆ. ಅಂಗೈಲಿ ತೆಂಗಿನಕಾಯಿ ಇಟ್ಟುಕೊಂಡು ಬಂದವರು ಹುಣಸೆಮರದ ಹತ್ತಿರ ಪಾಯಿಂಟ್ ತೋರಿಸಿದರಂತೆ. ಕಾಯಿ ಎದ್ದು ನಿಂತ ವಿಡಿಯೋ ನೋಡಿದೆ. ಹೋದ ಸಲವೂ ಎದ್ದು ನಿಂತಿತ್ತು, ಅಲ್ವಾ? ಬಂದಿದ್ದು ಬರೀ ಧೂಳು. ಸಾಲ ಇನ್ನೂ ಹಾಗೇ ಇದೆ. ನಮ್ಮ ಹೊಳಲ್ಕೆರೆ ಕಡೆ ಎಲ್ಲರದೂ ಇದೇ ಪಾಡು. ಪಕ್ಕದವನಿಗಿಂತ ನೂರಡಿ ಕೆಳಗೆ ಇಳಿಯುವುದು. ಅವನ ಬೋರು ಬತ್ತಿದರೆ ಅವನು ಮತ್ತೆ ಇಳಿಯುವುದು.

ಇಲ್ಲಿ ಫಲಜ್ ಅಂತ ಹಳೇ ಕಾಲದ ಕಾಲುವೆ ಇದೆ. ಬೆಟ್ಟದ ಬುಡದ ನೀರು ಪಂಪಿಲ್ಲದೆ ಇಳಿಜಾರಿನಲ್ಲೇ ಊರಿಗೆ ಬರುತ್ತದೆ. ನಿಜ್ವಾದ ಫಲಜ್ ದಾರಿಸ್ ಸೇರಿ ಇಂಥ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಡ್ಯೂಟಿ ಇಲ್ಲದ ದಿನ ಸುಮ್ನೆ ಆ ಕಡೆ ಹೋಗುತ್ತೇನೆ. ಮೊನ್ನೆ ಒಬ್ಬ ಅಜ್ಜ ಕುಕ್ಕರಗಾಲಲ್ಲಿ ಕೂತು, ಬಟ್ಟೆ ಸುತ್ತಿದ ಕಲ್ಲನ್ನು ತೂಬಿನ ಬಾಯಿಂದ ಎತ್ತಿದ. ನೀರು ಖರ್ಜೂರದ ಪಾತಿಗೆ ನುಗ್ಗಿತು. ಪಾಳಿ ಮುಗಿದ ಕೂಡಲೇ ಕಲ್ಲು ವಾಪಸ್ಸು. ಮುಂದಿನ ಪಾಳಿಯವನು ಪಕ್ಕದಲ್ಲೇ ನಿಂತಿದ್ದ. ಜಗಳವಿಲ್ಲ, ಕೂಗಾಟವಿಲ್ಲ. ನಮ್ಮ ಕೆರೆಗೂ ಹಿಂದೆ ಪಾಳಿ ಪ್ರಕಾರ ನೀರು ಬಿಡುವ ನೀರಗಂಟಿ ಇದ್ದನಲ್ಲ!

ಇಲ್ಲಿ ಫಲಜ್ ನೀರು ಮೊದಲು ಕುಡಿಯುವುದಕ್ಕೆ, ಆಮೇಲೆ ತೋಟಕ್ಕೆ. ಗಡಿಯಾರ ಬರುವ ಮುಂಚೆ ಪಾಳಿಯನ್ನು ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಅಳೆಯುತ್ತಿದ್ದರಂತೆ. ನೀರು ಕಮ್ಮಿಯಾದ ವರ್ಷ ಖರ್ಜೂರದ ಮರ ಉಳಿಸಿಕೊಂಡು ಬಿತ್ತನೆ ಕೈಬಿಡುತ್ತಾರೆ. ಫಲಜ್‌ಗೆ ನೀರು ಹುಟ್ಟುವ ತಾಯಿಬಾವಿಯ ಸುತ್ತ 3.5 ಕಿಲೋಮೀಟರ್ ಒಳಗೆ ಹೊಸ ಬಾವಿ ತೋಡುವ ಹಾಗಿಲ್ಲ, ಕಾನೂನೇ ಇದೆ. ಮಸ್ಕತ್‌ನಂಥ ಕಡೆ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತಾರೆ. ಅದಕ್ಕೆ ದುಡ್ಡು, ಕರೆಂಟು ಎರಡೂ ಬೇಕು. ನಮಗೆ ಸಮುದ್ರವೂ ಇಲ್ಲ, ಎಣ್ಣೆಯೂ ಇಲ್ಲ.

ಮಳೆ ಇದೆ. ಒಮಾನ್‌ಗೆ ವರ್ಷಕ್ಕೆ ಸರಾಸರಿ ಸುಮಾರು 100 ಮಿಲಿಮೀಟರ್. ನಮ್ಮಲ್ಲಿ ಬರ ಅಂದರೂ ಅದಕ್ಕಿಂತ ಎಷ್ಟೋ ಜಾಸ್ತಿ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರ್ 20! 2024ರ ಬೇಸಿಗೆಯಲ್ಲಿ ಅಡಿಕೆ ಉಳಿಸಲು ನೀವು ಟ್ಯಾಂಕರ್‌ನವನಿಗೆ ಎಷ್ಟು ಗೋಗರೆದಿರಿ. ಮಳೆ ಬಂದಾಗ ಅಷ್ಟೊಂದು ನೀರು ನಮ್ಮ ಹೊಲದ ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ದುರ್ಗದ ಕೋಟೆಯವರು ಬಿಟ್ಟಿದ್ದರಾ? ಬಂಡೆ ಮೇಲಿನ ಮಳೆಯನ್ನು ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಅಂತ ಹಿಡಿದಿಟ್ಟರು. ಮೇಲಿನದು ತುಂಬಿದರೆ ಕೆಳಗಿನದಕ್ಕೆ.

ಹಾಗಾಗಿ ಕೆಳಗಿನ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಿ. ಮಳೆನೀರು ಒಳಗೆ ಇಂಗಲು ಬತ್ತಿದ ಬೋರಿನ ಸುತ್ತ ಹತ್ತಡಿ ಗುಂಡಿ ತೋಡಿಸಿ, ಕೇಸಿಂಗ್ ಪೈಪಿಗೆ ತೂತು ಹೊಡೆಸಿ, ಜಾಲರಿ ಸುತ್ತಿ, ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಿಸಿ. ಕೆಂಪು ನೀರು ನೇರ ಒಳಗೆ ಹೋಗಬಾರದು. ಮುಂಚೆ ಇನ್ನೊಂದು ಗುಂಡಿಯಲ್ಲಿ ತಿಳಿಯಾಗಲಿ. ಚಿತ್ರದುರ್ಗದ ಭೂವಿಜ್ಞಾನಿ ದೇವರಾಜ ರೆಡ್ಡಿಯವರು ಇದನ್ನೇ ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಈ ವರ್ಷವೇ ನೀರು ಚಿಮ್ಮುತ್ತೆ ಅಂತ ನಾನು ಹೇಳಲ್ಲ. ಆದರೆ ಮೇಲಿನ ಹೊಲಕ್ಕೆ ಅಡಿಕೆ ಸಸಿ ಬೇಡ. ಇದ್ದ ತೋಟ ಉಳಿಯಲಿ. ಅಲ್ಲಿ ರಾಗಿ, ಸಾವೆ ಹಾಕಿ.

ಅವ್ವ, ಅಜ್ಜಿಗೆ ಬೋರಿನ ನೀರು ಕೊಡಬೇಡ. ನಮ್ಮ ಕಡೆ ಆಳದ ನೀರಲ್ಲಿ ಫ್ಲೋರೈಡ್ ಕಾಟ ಇದೆ. ಕಾಯಿಸಿದರೂ ಹೋಗುವುದಿಲ್ಲ. ನರ್ಸ್ ಆಗಿ ಹೇಳುತ್ತಿದ್ದೇನೆ, ಮಗಳಾಗಿ ಹೇಳಿದರೆ ನೀನು ಕೇಳಲ್ಲ. ಶುದ್ಧ ನೀರಿನ ಘಟಕದ ಕ್ಯಾನ್ ತರಿಸು, ಅಡುಗೆಗೂ ಅದೇ ಇರಲಿ.

ಅಪ್ಪಾಜಿ, 1933ರಲ್ಲಿ ಕೋಡಿ ಬಿದ್ದ ವಾಣಿ ವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಇನ್ನು ತುಂಬೋದೇ ಇಲ್ಲ ಅಂತಿದ್ದವರೇ ಮೊದಲು ನೋಡಲು ಓಡಿದರು, ನಿಮ್ಮನ್ನೂ ಸೇರಿಸಿ. ಆ ನೀರು ಹಿರಿಯೂರಿನ ಕಡೆಗೆ, ನಮಗಲ್ಲ, ಗೊತ್ತು. ಭದ್ರಾ ಮೇಲ್ದಂಡೆ ಯೋಜನೆಯ ನೀರು ನಮ್ಮ ಹೊಲಕ್ಕೆ ಬರುವವರೆಗೆ ಹೊಂಡವಾದರೂ ಇರಲಿ.

ಸಂಬಳ ಆದ ಕೂಡಲೇ ದುಡ್ಡು ತಮ್ಮನ ಅಕೌಂಟಿಗೆ ಹಾಕುತ್ತೇನೆ, ನಿಮ್ಮದಕ್ಕಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಜೆಸಿಬಿಯವನಿಗೆ ಮುಂಗಾರಿಗೆ ಮುಂಚೆಯೇ ಹೇಳಿಡಿ, ಆಮೇಲೆ ಕೈಗೆ ಸಿಗುವುದಿಲ್ಲ.

ಇಂತಿ ನಿಮ್ಮ ಮಗಳು