ಫೈರ್ ಸ್ಟೇಷನ್ ನಕ್ಷೆ ಬರೆಯುವಾಗ ಕೊಡಗಿನ ಮಳೆ ನೆನಪಿರಲಿ

ಸಂಪಾದಕರೇ,

ನಮ್ಮ ಜಿಲ್ಲೆಯಲ್ಲಿ ಸರ್ಕಾರಿ ಕಟ್ಟಡ ಅಂದ್ರೆ ಮೊದಲು ತಯಾರಾಗುವುದು ಎದುರಿನ ಚಂದ. ಗಾಜು, ಕಮಾನು, ಮೇಲೆ ಸಮತಟ್ಟು ತಾರಸಿ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಆ ತಾರಸಿ ಮೇಲೊಂದು ಶೀಟಿನ ಮಾಡು ಬರುತ್ತದೆ. ಬೇರೆ ಕಚೇರಿಗೆ ಹೇಗೋ ನಡೆದೀತು, ಅಗ್ನಿಶಾಮಕ ಠಾಣೆಗೆ ನಡೆಯುವುದಿಲ್ಲ. ಮುಂದೆ ಕೊಡಗಿನಲ್ಲಿ ಎಲ್ಲೇ ಠಾಣೆ ಕಟ್ಟಿದರೂ ಬಯಲುಸೀಮೆಯ ನಕ್ಷೆಯನ್ನೇ ತಂದು ಇಳಿಸಬೇಡಿ.

ಮೊದಲು ಜಾಗ. ಬರೆ, ಅಂದ್ರೆ ಗುಡ್ಡದ ಇಳಿಜಾರು, ಕಡಿದು ಸಮ ಮಾಡಿದ ಜಾಗ ಹೇಗಿರುತ್ತದೆ ಅಂತ 2018ರ ಆಗಸ್ಟ್‌ನ ಮಣ್ಣುಕುಸಿತದಲ್ಲಿ ನೋಡಿದ್ದೇವೆ. ಎಲ್ಲರೂ ಫೋನ್ ಮಾಡುವ ದಿನ ಠಾಣೆಯ ಹಿಂದಿನ ಬರೆಯೇ ಜಾರಿದರೆ ಯಾರನ್ನು ಕರೆಯುವುದು? ಗಾಡಿ ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಹೊರಗೆ ಹೋಗುವಂತೆ ಎರಡೂ ಬದಿ ಶಟರ್ ಇದ್ದರೆ ಒಳ್ಳೆಯದು, ಯಾಕೆಂದರೆ 4,500 ಲೀಟರ್ ಟ್ಯಾಂಕ್ ಅಂದ್ರೆ ಬರೀ ನೀರೇ 4.5 ಟನ್, ಅದನ್ನು ಪಾಚಿ ಕಟ್ಟಿದ ಇಳಿಜಾರಿನಲ್ಲಿ ರಿವರ್ಸ್ ತೆಗೆಯುವುದು ಸುಮ್ನೆ ಅಲ್ಲ.

ನನಗೆ ಜಾಸ್ತಿ ಚಿಂತೆ ಹೋಸ್ ಪೈಪಿನದ್ದು. ಒದ್ದೆ ಹೋಸ್ ಹಾಗೇ ಸುತ್ತಿಟ್ಟರೆ ಬೂಸ್ಟು ಹಿಡಿಯುತ್ತದೆ, ಹತ್ತಿ ಬಟ್ಟೆಯ ಹೊದಿಕೆ ಇದ್ದರಂತೂ ಕೊಳೆಯುತ್ತದೆ. ಅದಕ್ಕೇ ಹಳೇ ಠಾಣೆಗಳಲ್ಲಿ ಹೋಸ್ ನೇತುಹಾಕಲು ಗೋಪುರ ಕಟ್ಟುತ್ತಿದ್ದರು. 15 ಮೀಟರ್ ಹೋಸನ್ನು ನಡುವೆ ಮಡಚಿ ನೇತುಹಾಕಿದರೂ 7.5 ಮೀಟರ್ ಎತ್ತರ ಬೇಕು. ಜುಲೈ ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ಮನೆಯ ಟವೆಲ್ಲೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಹೋಸು, ಸಿಬ್ಬಂದಿಯ ಕೋಟು, ಬೂಟು ಎಲ್ಲಿ ಒಣಗಬೇಕು? ಬಿಸಿಗಾಳಿ ಹಾಯುವ ಒಂದು ಕೋಣೆ ಇಲ್ಲಿ ಐಷಾರಾಮವಲ್ಲ.

ಇನ್ನೊಂದು ವಿಷಯ. ಬೆಂಕಿ ನಂದಿಸುವ ಕೆಲಸದಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಖಚಿತವಾಗಿ ಹೇಳಿದೆ. ಹೊಗೆಯ ಮಸಿ ಬಟ್ಟೆಯಲ್ಲಿ ಉಳಿದುಬಿಡುತ್ತದೆ. ಹಾಗಾಗಿ ಈಗ ಹೊರದೇಶಗಳಲ್ಲಿ ಕೊಳೆ ಬಟ್ಟೆ ಬಿಚ್ಚಿ ತೊಳೆಯುವ ಜಾಗ ಒಂದು ಕಡೆ, ಊಟ ನಿದ್ದೆಯ ಜಾಗ ಇನ್ನೊಂದು ಕಡೆ. ಗಾಡಿಯ ಡೀಸೆಲ್ ಹೊಗೆಯನ್ನು ಪೈಪಿನಲ್ಲಿ ಎಳೆದು ಹೊರಗೆ ಬಿಡುತ್ತಾರೆ. ಇದೇನು ದೊಡ್ಡ ವಿದ್ಯೆ ಅಲ್ಲ, ನಕ್ಷೆಯಲ್ಲಿ ಒಂದು ಗೋಡೆ, ಒಂದು ಬಾಗಿಲು ಬೇರೆ ಕಡೆ ಇಟ್ಟರೆ ಅರ್ಧ ಕೆಲಸ ಆಯಿತು.

ಚಂದ ಬೇಡ ಅಂತಲ್ಲ. ಜರ್ಮನಿಯ ವಿಟ್ರಾ ಪೀಠೋಪಕರಣ ಕಾರ್ಖಾನೆಯಲ್ಲಿ 1981ರಲ್ಲಿ ದೊಡ್ಡ ಬೆಂಕಿ ಬಿದ್ದ ಮೇಲೆ ವಾಸ್ತುಶಿಲ್ಪಿ ಜಹಾ ಹದೀದ್ ಅಲ್ಲೊಂದು ಫೈರ್ ಸ್ಟೇಷನ್ ಕಟ್ಟಿದರು, 1993ರಲ್ಲಿ ಮುಗಿಯಿತು, ಚೂಪು ಚೂಪು ಕಾಂಕ್ರೀಟು, ಲೋಕವೆಲ್ಲ ಹೊಗಳಿತು. ಕೆಲವೇ ವರ್ಷಗಳಲ್ಲಿ ಅದು ಪ್ರದರ್ಶನದ ಜಾಗವಾಯಿತು. ಅವರಿಗೆ ಅದು ಪರವಾಗಿಲ್ಲ. ನಮಗೆ ಫೆಬ್ರವರಿ ಮಾರ್ಚಿನ ಕಾಡುಬೆಂಕಿಗೂ ಜುಲೈನ ಮಣ್ಣುಕುಸಿತಕ್ಕೂ ಹೊರಡುವ ಠಾಣೆ ಬೇಕು, ಅಲ್ವಾ?

ನಕ್ಷೆ ಬರೆಯುವವರು ಒಮ್ಮೆ ಜೋರು ಮಳೆಯಲ್ಲಿ ಮಡಿಕೇರಿಗೆ ಬಂದು, ಒದ್ದೆ ಹೋಸ್ ಎಲ್ಲಿ ಹಾಕುತ್ತೀರಿ ಅಂತ ಸಿಬ್ಬಂದಿಯನ್ನೇ ಕೇಳಲಿ. ಟೆಂಡರ್ ಆಮೇಲೆ ಕರೆಯಲಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ, ಸುಂಟಿಕೊಪ್ಪ